ಹೊಸ ಬ್ರಾಡ್‌ಬ್ಯಾಂಡ್ ಹಾಕಿಸುವ ಮೊದಲು ಕಂಪನಿಯವರನ್ನು ಏನೇನು ಕೇಳಬೇಕು?

ಹೊಸ ಮನೆಗೆ ಹೋಗುತ್ತಿದ್ದೀರಿ, ಕೆಲಸ ಮನೆಯಿಂದಲೇ, ಮೂರು ಕಂಪನಿಗಳ ಪ್ಲಾನ್ ನೋಡಿದರೆ ಎಲ್ಲಾ ಒಂದೇ ತರ ಇದೆ ಅಂತ ಬರೆದಿದ್ದೀರಿ. ಪ್ಲಾನ್ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಾನಾದರೆ ಮೊದಲು ಕೇಳುವುದು ಇದನ್ನು: ಮನೆಯೊಳಗೆ ಬರುವ ವೈರ್ ಯಾವುದು?

ಫೈಬರ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎಷ್ಟೋ ಕಡೆ ಫೈಬರ್ ಕಟ್ಟಡದ ತನಕ ಮಾತ್ರ ಬರುತ್ತದೆ. ಅಲ್ಲಿಂದ ಮೇಲೆ ಲ್ಯಾನ್ ಕೇಬಲ್ಲೋ ಹಳೆಯ ಫೋನ್ ವೈರೋ ಇರುತ್ತದೆ. ಫೋನ್ ವೈರ್ ಆದರೆ ಉದ್ದ ಜಾಸ್ತಿಯಾದಷ್ಟೂ ಸ್ಪೀಡ್ ಇಳಿಯುತ್ತದೆ. ಲ್ಯಾನ್ ಕೇಬಲ್ ಆದರೆ ಕೆಳಗಡೆ ಒಂದು ಸ್ವಿಚ್, ಅಂದರೆ ಲೈನನ್ನು ಮನೆಮನೆಗೆ ಹಂಚುವ ಪೆಟ್ಟಿಗೆ, ಇರುತ್ತದೆ, ಅದಕ್ಕೆ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನ ಇಲ್ಲ. ಮನೆಯೊಳಗಿನ ತನಕ ಫೈಬರ್ ಬಂದರೆ ಸಾಮಾನ್ಯವಾಗಿ ದಾರಿಯಲ್ಲಿ ಫೈಬರನ್ನು ಹಲವು ಮನೆಗಳಿಗೆ ಕವಲಾಗಿಸುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ರೂಟರ್‌ಗೆ ಚಿಕ್ಕದೊಂದು ಯುಪಿಎಸ್ ಇಟ್ಟುಕೊಂಡರೆ ಮೀಟಿಂಗ್ ಮಧ್ಯೆ ಕಟ್ ಆಗುವ ಭಯ ತುಂಬಾ ಕಡಿಮೆ.

ಆಮೇಲೆ ಅಪ್‌ಲೋಡ್ ಎಷ್ಟು ಅಂತ ಬಿಡಿಸಿ ಕೇಳಿ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಡೌನ್‌ಲೋಡ್ ಸ್ಪೀಡ್. ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ, ದನಿ ಆಚೆ ಹೋಗುವುದು ಅಪ್‌ಲೋಡ್‌ನಲ್ಲಿ ಅಲ್ವಾ? 1 ಜಿಬಿ ಫೈಲ್ ಕಳಿಸಲು 100 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಹೆಚ್ಚುಕಡಿಮೆ 80 ಸೆಕೆಂಡ್ ಸಾಕು, 10 ಇದ್ದರೆ 13 ನಿಮಿಷ ದಾಟುತ್ತದೆ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನುವ ಲೆಕ್ಕ, ಅದನ್ನು 8ರಿಂದ ಭಾಗಿಸಿದರೆ ಮೆಗಾಬೈಟ್.

ಅನ್‌ಲಿಮಿಟೆಡ್ ಅಂದಾಗ ಸುಮ್ನೆ ತಲೆಯಾಡಿಸಬೇಡಿ. ಎಷ್ಟು ಜಿಬಿ ದಾಟಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಸುತ್ತೀರಿ, ಅಪ್‌ಲೋಡ್ ಕೂಡ ಆ ಲೆಕ್ಕಕ್ಕೆ ಸೇರುತ್ತದಾ ಅಂತ ಕೇಳಿ. ಮನೆಯ ಕ್ಯಾಮೆರಾವನ್ನೋ ಕಂಪ್ಯೂಟರನ್ನೋ ಹೊರಗಿನಿಂದ ನೇರವಾಗಿ ತೆರೆಯಬೇಕಿದ್ದರೆ ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಮನೆಗೇ ಅಂತ ಒಂದು ವಿಳಾಸ, ಕೊಡುತ್ತೀರಾ ಅಂತಲೂ ಕೇಳಿ. ಕೆಲವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ, ಆಗ ಅದು ಆಗಲ್ಲ.

ದುಡ್ಡಿನ ವಿಷಯ: ಮೊದಲ ಕೆಲವು ತಿಂಗಳ ಆಫರ್ ಮುಗಿದ ಮೇಲೆ ಬಿಲ್ ಎಷ್ಟು, ರೂಟರ್ ಯಾರದ್ದು, ಮಧ್ಯದಲ್ಲಿ ಬಿಟ್ಟರೆ ಏನು ಕಟ್ಟಬೇಕು. ಉತ್ತರ ಮೆಸೇಜ್‌ನಲ್ಲೋ ಮೇಲ್‌ನಲ್ಲೋ ತರಿಸಿಕೊಳ್ಳಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಉತ್ತರ ಸಿಗುವುದು ಕಂಪನಿಯಲ್ಲಲ್ಲ, ಅದೇ ಕಟ್ಟಡದ ಅಕ್ಕಪಕ್ಕದವರಲ್ಲಿ. ಹಿಂದಿನ ಸಲ ಲೈನ್ ಹೋದಾಗ ಎಷ್ಟು ದಿನಕ್ಕೆ ಸರಿ ಮಾಡಿದರು? ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರಾ? ಒಂದೇ ಫೈಬರ್ 32 ಅಥವಾ 64 ಮನೆಗಳಿಗೆ ಕವಲಾಗುವುದು ಮಾಮೂಲು, ಅದರ ಸ್ಪೀಡನ್ನು ಅವರೆಲ್ಲ ಹಂಚಿಕೊಳ್ಳಬೇಕು. ಹಾಗಾಗಿ ರಾತ್ರಿ 9ರ ಹೊತ್ತಿಗೆ, ಎಲ್ಲರೂ ವಿಡಿಯೊ ನೋಡುವಾಗ, ಅವರ ಮನೆಯಲ್ಲೊಂದು ಸ್ಪೀಡ್ ಟೆಸ್ಟ್ ಮಾಡಿಸಿ. ಆದಷ್ಟೂ ವೈಫೈ ಬಿಟ್ಟು ಕೇಬಲ್ ಚುಚ್ಚಿ ಮಾಡಲಿ, ಇಲ್ಲದಿದ್ದರೆ ವೈಫೈ ತಡೆಯುವ ಗೋಡೆಯ ತಪ್ಪು ಲೈನ್ ಮೇಲೆ ಬರುತ್ತದೆ.

ಕೊನೆಗೆ ಯಾವುದನ್ನೇ ಆರಿಸಿ, ಮೊದಲಿಗೆ ಒಂದು ತಿಂಗಳಿಗೆ ಮಾತ್ರ ಕಟ್ಟಿ. ರಿಯಾಯಿತಿ ಎಷ್ಟೇ ಇರಲಿ, ವರ್ಷದ ಪ್ಲಾನ್ ಆಮೇಲೆ ನೋಡಿಕೊಳ್ಳಬಹುದು.