ಬಾರ್ಬಡೋಸ್ ಆರ್ಥಿಕತೆಯಲ್ಲಿ ಪ್ರವಾಸೋದ್ಯಮದ ಪಾತ್ರವೇನು?

ಸುಮಾರು 2.8 ಲಕ್ಷ ಜನರಿರುವ ಬಾರ್ಬಡೋಸ್ ಶತಮಾನಗಳ ಕಾಲ ಕಬ್ಬನ್ನೇ ನಂಬಿಕೊಂಡಿದ್ದ ಕೆರಿಬಿಯನ್ ದ್ವೀಪ. 1966ರಲ್ಲಿ ಸ್ವತಂತ್ರವಾದ ನಂತರದ ದಶಕಗಳಲ್ಲಿ ಸಕ್ಕರೆಯ ಸ್ಥಾನವನ್ನು ಪ್ರವಾಸೋದ್ಯಮ ಆಕ್ರಮಿಸಿಕೊಂಡಿತು. ಇದನ್ನು ಬರಿಯ ಉದ್ಯೋಗದ ಲೆಕ್ಕದಲ್ಲಿ ಅಳೆದರೆ ಸಾಲದು. ಅಲ್ಲಿನ ಎರಡು ಡಾಲರ್‌ಗೆ ಒಂದು ಅಮೆರಿಕನ್ ಡಾಲರ್ ಎಂಬ ದರ 1975ರಿಂದ ಬದಲಾಗಿಲ್ಲ. ಈ ದರವನ್ನು ಕಾಯ್ದುಕೊಳ್ಳಲು ಮತ್ತು ಇಂಧನ, ಗೋಧಿ, ಔಷಧಗಳನ್ನು ಆಮದು ಮಾಡಿಕೊಳ್ಳಲು ಬೇಕಾದ ವಿದೇಶಿ ವಿನಿಮಯದ ದೊಡ್ಡ ಪಾಲನ್ನು, ಚಳಿ ತಪ್ಪಿಸಿಕೊಳ್ಳಲು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬರುವ ಬ್ರಿಟನ್, ಅಮೆರಿಕ, ಕೆನಡಾದ ಪ್ರವಾಸಿಗರೇ ತರುತ್ತಾರೆ.

ಆದರೆ ಬಂದ ಹಣವೆಲ್ಲ ಅಲ್ಲೇ ಉಳಿಯುವುದಿಲ್ಲ. ಪಶ್ಚಿಮ ಕರಾವಳಿಯ ಐಷಾರಾಮಿ ಹೋಟೆಲಿನ ಊಟದ ತಟ್ಟೆಗೆ ಬರುವ ಮಾಂಸ, ಮದ್ಯ ಬಹುಪಾಲು ಆಮದಾದವು. ಹಡಗಿನಲ್ಲಿ ಬಂದು ಸಂಜೆಗೆ ಮರಳುವ ಪ್ರವಾಸಿಗರು ಖರ್ಚು ಮಾಡುವುದೂ ಕಡಿಮೆ. ಶುಕ್ರವಾರ ರಾತ್ರಿ ಆಯ್ಸ್ಟಿನ್ಸ್ ಎಂಬ ಮೀನುಗಾರರ ಊರಿನ ಅಂಗಡಿಗಳಲ್ಲಿ ಹುರಿದ ಮೀನಿಗೆ ಕೊಡುವ ದುಡ್ಡು ಮಾತ್ರ ನೇರವಾಗಿ ಸ್ಥಳೀಯರ ಕೈ ಸೇರುತ್ತದೆ. ನನ್ನ ದೃಷ್ಟಿಯಲ್ಲಿ ಪ್ರವಾಸಿಗರ ಸಂಖ್ಯೆಗಿಂತ ಈ ವ್ಯತ್ಯಾಸವೇ ಮುಖ್ಯ.

ಒಂದೇ ಉದ್ಯಮವನ್ನು ನೆಚ್ಚಿಕೊಂಡಿದ್ದರ ಅಪಾಯ 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಸ್ಪಷ್ಟವಾಯಿತು. ಆಗ ಸರ್ಕಾರ, ವಿದೇಶಿ ಕಂಪನಿಗಳಿಗೆ ಆನ್‌ಲೈನ್‌ನಲ್ಲಿ ದುಡಿಯುವವರು 12 ತಿಂಗಳು ತಂಗಲು ಅವಕಾಶ ನೀಡುವ ‘ವೆಲ್ಕಮ್ ಸ್ಟ್ಯಾಂಪ್’ ವೀಸಾವನ್ನು ತಂದಿತು. ಚಂಡಮಾರುತದ ಭಯವಂತೂ ಇದ್ದೇ ಇದೆ: ದ್ರಾವಿಡ್ ತರಬೇತಿಯ ಭಾರತ ತಂಡ ಇದೇ ದ್ವೀಪದಲ್ಲಿ 2024ರ ಟಿ20 ವಿಶ್ವಕಪ್ ಗೆದ್ದ ಬೆನ್ನಲ್ಲೇ ‘ಬೆರಿಲ್’ ಕಾರಣಕ್ಕೆ ವಿಮಾನ ನಿಲ್ದಾಣ ಮುಚ್ಚಿ, ಆಟಗಾರರು ಅಲ್ಲೇ ಉಳಿಯಬೇಕಾಯಿತು, ಮೀನುಗಾರರ ಅನೇಕ ದೋಣಿಗಳೂ ಹಾನಿಗೊಂಡವು.