ಟ್ರಂಕಲ್ಲಿ ಸಿಕ್ಕ ಸ್ಪೇನ್ ರಾಜನ ನಾಣ್ಯ, ಕರಗಿಸ್ಲಾ?

ಪ್ರಶ್ನೆ: ಸರ್, ನಮ್ಮತ್ತೆ ತೀರ್ಕೊಂಡ್ಮೇಲೆ ಅವರ ಟ್ರಂಕ್ ತೆಗೆದ್ರೆ ರೇಷ್ಮೆ ಚೂರಲ್ಲಿ ಸುತ್ತಿಟ್ಟಿದ್ದ ದೊಡ್ಡ ಚಿನ್ನದ ನಾಣ್ಯ ಸಿಕ್ತು. ಒಂದ್ಕಡೆ ಉದ್ದ ಮೂಗಿನ ಗಂಡಸಿನ ಮುಖ, 1783 ಅಂತಿದೆ, ಹಿಂದೆ ಕಿರೀಟ ಇರೋ ಲಾಂಛನ, ಸರಕ್ಕೆ ಹಾಕೋಕೆ ಕೊಂಡಿ ಬೆಸೆದಿದ್ದಾರೆ. ಚಿಕ್ಕಪೇಟೆಲಿ ತೂಗಿಸಿದ್ರೆ ಕೊಂಡಿ ಸೇರಿ 27 ಮುಕ್ಕಾಲು ಗ್ರಾಂ ಬಂತು, ಕರಗಿಸಿ ಬಳೆ ಮಾಡ್ಸಿ ಅಂದ್ರು. ಮಾಡ್ಸಲಾ?
ಓದುಗರು, ಬಸವನಗುಡಿ

ಉತ್ತರ: ದಯವಿಟ್ಟು ಬೇಡ ಅಮ್ಮ, ಈಗ್ಲೇ ಬೇಡ. ನೀವು ಹೇಳಿದ್ದು ಸ್ಪೇನಿನ ಮೂರನೇ ಕಾರ್ಲೋಸ್ ಕಾಲದ 8 ಎಸ್ಕುಡೊ ನಾಣ್ಯದ ಥರ ಇದೆ, ಜನ ಡಬ್ಲೂನ್ ಅಂತಾರಲ್ಲ ಅದೇ. ಅದರ ತೂಕ ಸುಮಾರು 27 ಗ್ರಾಂ, ಆ ವರ್ಷದ್ದಾದ್ರೆ ನೂರಕ್ಕೆ 90 ಪಾಲು ಚಿನ್ನ. ಹಿಂದುಗಡೆ ಬರಹದ ನಡುವೆ ಒಂದು ಎಂ, ಅದರ ತಲೆ ಮೇಲೆ ಪುಟ್ಟ ಓ ಇದ್ಯಾ ಲೆನ್ಸ್ ಹಿಡಿದು ನೋಡಿ, ಇದ್ರೆ ಆಗ ಸ್ಪೇನ್ ಕೈಲಿದ್ದ ಮೆಕ್ಸಿಕೊ ಟಂಕಸಾಲೆದು, ಜೊತೆಗೆ ಎಫ್ ಎಫ್ ಇದ್ರೆ ಅದು ಆಗ ಚಿನ್ನ ಪರೀಕ್ಷೆ ಮಾಡ್ತಿದ್ದವರ ಗುರುತು. ಮೆಕ್ಸಿಕೊದ್ದು ಸಾಕಷ್ಟು ಉಳಿದಿದೆ, ಗ್ವಾಟೆಮಾಲಾದ್ದಾದ್ರೆ ಸಿಗೋದೇ ಅಪರೂಪ, ಅದಕ್ಕೇ ಆ ಒಂದಕ್ಷರ ನೋಡದೆ ಬೆಲೆ ಮಾತಾಡ್ಬಾರ್ದು.

ನಕಲಿನೂ ಇರತ್ತೆ. ಗುರುತಿರೋ ಅಕ್ಕಸಾಲಿ ಹತ್ರ ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಗೋಕೆ ಹೇಳಿ, ಚಿನ್ನ ಆದ್ರೆ ಒಂದೂವರೆ ಗ್ರಾಂ ಚಿಲ್ರೆ ಕಮ್ಮಿ ತೋರ್ಸತ್ತೆ, ಹಿತ್ತಾಳೆಗೆ ಚಿನ್ನದ ನೀರು ಕೊಟ್ಟಿದ್ರೆ ಮೂರು ಗ್ರಾಂ ದಾಟತ್ತೆ. ಆದ್ರೆ ಚಿನ್ನದಲ್ಲೇ ಮಾಡಿರೋ ನಕಲಿಗಳೂ ಇದಾವೆ, ಹಾಗಾಗಿ ಅಂಚು ನೋಡ್ಬೇಕು, ಅಸಲಿ ನಾಣ್ಯದ ಅಂಚಲ್ಲಿ ಅಚ್ಚೊತ್ತಿದ ಡಿಸೈನ್ ಇರತ್ತೆ, ಎರಕ ಹೊಯ್ದಿದ್ರೆ ಸುತ್ತ ಸಣ್ಣ ಗೆರೆ ಕಾಣ್ಬಹುದು.

ಕೊಂಡಿ ಬೆಸೆದಿರೋದ್ರಿಂದ ಸಂಗ್ರಾಹಕರು ಬೆಲೆ ಇಳಿಸ್ತಾರೆ, ನಿಜ. ಆದ್ರೂ ಕೊಂಡಿ ಕೀಳಿಸ್ಬೇಡಿ, ಬೆಸುಗೆ ಗುರುತು ಇನ್ನೂ ಎದ್ದು ಕಾಣತ್ತೆ. ಅಂಟುವಾಳದ ನೀರಲ್ಲಿ ಬ್ರಷ್ ಹಾಕಿ ಉಜ್ಜೋದಂತೂ ಬೇಡ್ವೇ ಬೇಡ, ಒಡವೆಗೆ ಅದು ಸರಿ, 240 ವರ್ಷದ ನಾಣ್ಯದ ಮೈ ಸವೆದ್ರೆ ವಾಪಸ್ ಬರಲ್ಲ. ನೂರು ವರ್ಷ ದಾಟಿದ ನಾಣ್ಯ ನಮ್ಮ ಕಾನೂನಲ್ಲಿ ಪುರಾತನ ವಸ್ತು, 1972ರ ಕಾಯ್ದೆ ಪ್ರಕಾರ ನಾವು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, ಫಾರಿನ್ನಲ್ಲಿರೋ ನೆಂಟರ ಕೈಲಿ ಮಾರಿಸ್ತೀನಿ ಅಂತ ಹೊರಡ್ಬೇಡಿ.

ಸದ್ಯಕ್ಕೆ ಆ ರೇಷ್ಮೆ ಚೂರಲ್ಲೇ ಇಡಿ. ಅತ್ತೆಗೆ ಅದು ಯಾರಿಂದ ಬಂತು ಅಂತ ಮನೆ ಹಿರಿಯರನ್ನ ಕೇಳಿ ಬರೆದಿಟ್ಕೊಳ್ಳಿ. ಎರಡೂ ಮುಖ ಮತ್ತೆ ಅಂಚಿನ ಫೋಟೋ ಕಳಿಸಿದ್ರೆ ಮುಂದಿನ ಸಂಚಿಕೇಲಿ ನೋಡೋಣ.