ಕಲಿತ ಪದ ಬರೆಯುವಾಗ ಕೈಕೊಡುತ್ತಿದ್ದರೆ

ದಿನಕ್ಕೆ 20 ಇಂಗ್ಲಿಷ್ ಪದ ಉರು ಹೊಡೆದರೂ ಬರೆಯುವಾಗ ಒಂದೂ ನೆನಪಾಗದಿರಲು, ಪದವನ್ನು ಬರೀ ಅರ್ಥದ ಜೊತೆ ಒಂಟಿಯಾಗಿ ಕಲಿಯುತ್ತಿರುವುದೇ ಕಾರಣ ಇರಬೇಕು. ನನಗೂ ಹೀಗೇ ಆಗಿತ್ತು.

ಮೊದಲು 20 ಅನ್ನು 5ಕ್ಕೆ ಇಳಿಸಿ. ನೀವು ಓದುವ ಲೇಖನದಲ್ಲೇ ಸಿಕ್ಕ ಪದ ಆರಿಸಿ, ಅದರ ಜೊತೆಗಾರರನ್ನೂ, ಅಂದರೆ ಅದರ ಜೊತೆ ಸಾಮಾನ್ಯವಾಗಿ ಬರುವ ಪದಗಳನ್ನೂ ಬರೆದುಕೊಳ್ಳಿ. ‘ಮಿಟಿಗೇಟ್’ ಅಂದರೆ ‘ತಗ್ಗಿಸು’ ಅಂತ ಬರೆದರೆ ಸಾಲದು. ಅದು ರಿಸ್ಕ್, ಡ್ಯಾಮೇಜ್ ಇಂಥವುಗಳ ಜೊತೆ ಬರುತ್ತದೆ. ಟಿವಿ ಸೌಂಡ್ ‘ಮಿಟಿಗೇಟ್’ ಮಾಡು ಅಂದರೆ ನಗುತ್ತಾರೆ, ಅಲ್ವಾ? ಆಮೇಲೆ ನಿಮ್ಮದೇ ಕೆಲಸದ ಬಗ್ಗೆ ಆ ಪದ ಹಾಕಿ ಒಂದು ವಾಕ್ಯ ಬರೆಯಿರಿ.

ಮರುದಿನ, 3ನೇ ದಿನ, ವಾರದ ನಂತರ ಅರ್ಥ ಮಾತ್ರ ನೋಡಿ ಪದ ನೆನಪಿಸಿಕೊಳ್ಳಿ. ಸುಮ್ನೆ ಮತ್ತೆ ಮತ್ತೆ ಓದಬೇಡಿ. ಈ ದಿನಗಳ ಅಂತರ ನಿಮಗೆ ತುಂಬಾ ಜಾಸ್ತಿ ಅನ್ನಿಸಬಹುದು. ಮರೆತುಹೋದ ಪದವನ್ನು ಮತ್ತೆ ಮರುದಿನದ ಪಟ್ಟಿಗೆ ಸೇರಿಸಿ.